ಅವ್ವನ ಇಪ್ಪತ್ತು ಗೆರಿ

"ಹಳ್ಳಿ ಮಂದಿಗೆ ಎಷ್ಟು ಹೇಳಿದ್ರೂ ತಿಳಿಯೂದಿಲ್ಲ." ಶುಗರ್ ಪೇಶಂಟುಗಳ ಬಗ್ಗೆ ಈ ಮಾತನ್ನು ಜಮಖಂಡಿಯ ಔಷಧಿ ಅಂಗಡಿ ಮುಂದೆಯೂ ಕೇಳಿದ್ದೇನೆ, ಬೆಂಗಳೂರಿನ ನಮ್ಮ ಆಫೀಸ್ ಕ್ಯಾಂಟೀನಿನಲ್ಲೂ ಕೇಳಿದ್ದೇನೆ. ಕ್ಯಾಂಟೀನಿನಲ್ಲಿ ಹೇಳಿದವನು ನಾನೇ. ಈಗ ಕೇಳ್ತೀನಿ: ಹೇಳಿದವರು ಯಾರು? ಯಾವಾಗ ಹೇಳಿದ್ರು?

ನಮ್ಮವ್ವ ಜಮಖಂಡಿ ತಾಲೂಕಿನ ಹಳ್ಳಿಯಾಕಿ. ಇನ್ಸುಲಿನ್ ಶುರುವಾಗಿ ಎಂಟು ತಿಂಗಳಾದರೂ ಶುಗರ್ ಇಳಿಯಲಿಲ್ಲ. "ಕದ್ದು ಹೋಳಿಗಿ ತಿಂತಿಯೇನಬೇ?" ಅಂತ ಫೋನಿನಲ್ಲಿ ಬೈದೆ. "ಇಲ್ಲೋ ಯಪ್ಪಾ, ಡಾಕ್ಟರ್ ಹೇಳಿದಂಗ ಇಪ್ಪತ್ತು ಗೆರಿತನಾ ಏರಿಸಿ ಚುಚ್ಚಕೋತೀನಿ" ಅಂದಳು. ನಂಬಲಿಲ್ಲ. ಪಂಚಮಿಗೆ ಊರಿಗೆ ಹೋದಾಗ ನೋಡಿದೆ. ಬಾಟಲಿ 40ರದ್ದು, ಸಿರಿಂಜು 100ರದ್ದು.

ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಎಂ.ಎಲ್.ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಸಿರಿಂಜಿನಲ್ಲಿ ಇಪ್ಪತ್ತನೇ ಗೆರೆ ಅಂದರೆ 0.2 ಎಂ.ಎಲ್. 40ರ ಬಾಟಲಿಯಿಂದ ಅಷ್ಟು ಎಳೆದರೆ ಬರುವುದು ಬರೀ 8 ಯೂನಿಟ್. ಎಂಟು ತಿಂಗಳು ಅವ್ವ ಅರ್ಧಕ್ಕಿಂತ ಕಡಿಮೆ ಔಷಧಿ ತೊಗೊಂಡು ಪೂರ್ತಿ ಬೈಗುಳ ತಿಂದಳು. ಉಲ್ಟಾ ಆಗಿದ್ದರೆ 20ರ ಬದಲು 50 ಹೋಗುತ್ತಿತ್ತು. ಅದನ್ನು ಯೋಚಿಸಲೂ ಭಯ.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ನಾಶವಾಯಿತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನು ಇನ್ನೊಂದು ನ್ಯೂಟನ್ ಅಂತ ಓದಿತ್ತು. ಇಂಜಿನಿಯರುಗಳಾದ ನಾವು ಅದನ್ನು ಸಿಸ್ಟಮ್ ತಪ್ಪು ಅಂತೀವಿ. ಅದೇ ತಪ್ಪು ಅಡುಗೆಮನೆಯಲ್ಲಾದರೆ ಅವ್ವಗ ತಿಳಿಯೂದಿಲ್ಲ ಅಂತೀವಿ.

ಬನಹಟ್ಟಿಯ ನಮ್ಮ ಮಾಮಾ ಬೆಳಿಗ್ಗೆ ಇನ್ಸುಲಿನ್ ತೊಗೊಂಡವನು ಕರೆಂಟ್ ಬಂತು ಅಂತ ಉಣ್ಣದೇ ಮಗ್ಗಕ್ಕೆ ನಿಲ್ಲುತ್ತಿದ್ದ. ಕೈ ನಡುಗಿ, ಬೆವರು ಕಿತ್ತು ಬಂದರೆ ಶುಗರ್ ಏರಿತು ಅಂದುಕೊಂಡು ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದ. ಅದು ಶುಗರ್ ಕುಸಿದ ಲಕ್ಷಣ, ತಕ್ಷಣ ಮೂರು ಚಮಚ ಸಕ್ಕರೆ ಬಾಯಿಗೆ ಹೋಗಬೇಕು ಅಂತ ಯಾರೂ ಹೇಳಿರಲಿಲ್ಲ. ಮುಧೋಳ, ಜಮಖಂಡಿ ಸುತ್ತ ಎತ್ತ ನೋಡಿದರೂ ಕಬ್ಬು. ಮನ್ಯಾಗ ಬೆಲ್ಲದ ಪೆಂಟಿ ಇಟ್ಟುಕೊಂಡು ಮನುಷ್ಯ ಸಕ್ಕರೆ ಇಲ್ಲದೇ ಬೀಳಬೇಕಾ? ಬೀಳಗಿಯ ದೊಡ್ಡವ್ವಗ "ತಂಪಿನ್ಯಾಗ ಇಡು" ಅಂದಿದ್ದರಂತೆ, ಆಕಿ ಪಕ್ಕದ ಮನೆ ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಡಿಸಿದ್ದಳು. ಗಡ್ಡೆಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರೋದಿಲ್ಲ.

ಡಾಕ್ಟರ್ ಬಾಗಿಲಲ್ಲಿ ಐವತ್ತು ಮಂದಿ ಕೂತಿರ್ತಾರೆ, ಒಪ್ಪಿದೆ. ಆದರೆ ಬಾಟಲಿ, ಸಿರಿಂಜು ಎರಡನ್ನೂ ಜೋಡಿಸಿ ನೋಡಿ ಕೊಡಲು ಅಂಗಡಿಯವನಿಗೆ ಎಷ್ಟು ಹೊತ್ತು ಬೇಕು? ಇರುವೆ ಸಾಲಿನಂಥ ಇಂಗ್ಲಿಷ್ ಚೀಟಿಯ ಬದಲು ದೊಡ್ಡ ಅಕ್ಷರದಲ್ಲಿ ಕನ್ನಡದ ಒಂದು ಹಾಳೆ ಹಾಕಲು ಕಂಪನಿಗೆ ಏನು ಧಾಡಿ? ಇನ್ನು ನಾವು. ಬಿರಿಯಾನಿ ಆರ್ಡರ್ ಮಾಡೋದನ್ನು ಕಲಿಸಲು ನಾಲ್ಕು ಸ್ಕ್ರೀನ್ ಡಿಸೈನ್ ಮಾಡ್ತೀವಿ. ಊರಿಗೆ ಗ್ಲೂಕೋಮೀಟರ್ ಕಳಿಸಿ ಮಗನ ಕರ್ತವ್ಯ ಮುಗೀತು ಅಂದ್ಕೋತೀವಿ. "ಯವ್ವಾ, ಹೆಂಗ ಏರಿಸ್ತಿ, ಒಮ್ಮೆ ನನ್ನ ಮುಂದ ಏರಿಸಿ ತೋರ್ಸು" ಅಂತ ಎಂಟು ತಿಂಗಳಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ಡಾಕ್ಟರಿಗೆ ತೋರಿಸಿಯೇ ಸಿರಿಂಜು ಬದಲಿಸಿದೆವು. 8ರಿಂದ ಒಮ್ಮೆಲೇ 20ಕ್ಕೆ ಹಾರಿದರೆ ಅದೂ ಅಪಾಯವೇ. ಮೊನ್ನೆ ಅಂಗಡಿಯವನು ಮತ್ತೆ ಕಿತ್ತಳೆ ಮುಚ್ಚಳದ್ದು ಕೊಟ್ಟು "ಎಲ್ಲಾ ಒಂದ ಬೇ, ಒಯ್ಯಿ" ಅಂದನಂತೆ. ಅವ್ವ ಅಲ್ಲೇ ನಿಂತು, ಹಿಂದಿದ್ದವರಿಗೆಲ್ಲ ಕೇಳುವಂಗ ಅವನಿಗೆ ಲೆಕ್ಕ ಹೇಳಿ, ಕೆಂಪನ್ನೇ ತೊಗೊಂಡು ಬಂದಾಳ.