ಕರೆಯೋಲೆಯೋ, ಕರಪತ್ರವೋ?

ಅಮೆರಿಕದಲ್ಲಿ ಬೇಸ್‌ಬಾಲ್ ಆಡುವ ಹೈಸ್ಕೂಲು ಹುಡುಗನಿರುವ ಮನೆಗೆ ಒಂದು ದಿನ ಕಾಲೇಜಿನಿಂದ ಪತ್ರ ಬರುತ್ತದೆ. ನಿಮ್ಮ ಮಗನ ಆಟವನ್ನು ನಮ್ಮ ಅಂಗಳದಲ್ಲಿ ನೋಡಲು ಕಾತರರಾಗಿದ್ದೇವೆ, ಬೇಸಗೆಯ ಕ್ಯಾಂಪಿಗೆ ದಯಮಾಡಿಸಬೇಕು ಎಂಬ ಒಕ್ಕಣೆ. ಮೇಲೆ ಕಾಲೇಜಿನ ಲಾಂಛನ, ಕೆಳಗೆ ತರಬೇತುದಾರರ ಸಹಿ. ಮನೆ ಕನ್ನಡಿಗರದಾದರೆ ತಾಯಿ ಅದನ್ನು ದೇವರ ಮುಂದಿಟ್ಟರೂ ಇಟ್ಟಾರು. ತಂದೆ ಮಾತ್ರ ಕೊನೆಯ ಸಾಲಿನವರೆಗೂ ಓದುತ್ತಾರೆ. ಶುಲ್ಕವೆಷ್ಟೆಂಬುದು ಅಲ್ಲಿ ನಮೂದಾಗಿರುತ್ತದೆ.

ಕ್ರಿಕೆಟ್ಟಿನ ಭಾಷೆಯಲ್ಲಿ ಬೆಳೆದ ಆ ತಂದೆಗೆ ಈ ಪತ್ರದ ವ್ಯಾಕರಣ ತಿಳಿಯದಿದ್ದರೆ ಅಚ್ಚರಿಯಿಲ್ಲ. ಅಲ್ಲಿ ಕಾಲೇಜು ತಂಡಕ್ಕೆ ಸೇರುವುದೆಂದರೆ ಕಾಲೇಜಿಗೆ ಸೇರಿದ ಮೇಲೆ ಮೈದಾನಕ್ಕೆ ಹೋಗಿ ಹೆಸರು ಕೊಡುವ ಕೆಲಸವಲ್ಲ. ಹುಡುಗ ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ತರಬೇತುದಾರರು ಅವನನ್ನು ನೋಡಿ, ತೂಗಿ, ಆರಿಸಿಕೊಳ್ಳುತ್ತಾರೆ. ಹಾಗೆ ಅವರ ಕಣ್ಣಿಗೆ ಬೀಳಲು, ನಿತ್ಯದ ಪಂದ್ಯಗಳನ್ನು ಬಿಟ್ಟರೆ, ಎರಡು ದಾರಿಗಳುಂಟು. ಒಂದು, ಕಾಲೇಜೊಂದು ತನ್ನ ಅಂಗಳದಲ್ಲಿಯೇ ನಡೆಸುವ ಕ್ಯಾಂಪು. ಇನ್ನೊಂದು, ಹಲವು ಕಾಲೇಜುಗಳವರು ಒಂದೆಡೆ ಕುಳಿತು ನೋಡುವ ಶೋಕೇಸ್ ಎಂಬ ಪ್ರದರ್ಶನ. ಎರಡಕ್ಕೂ ಹಣ ತೆರಬೇಕು. ಪ್ರಯಾಣ, ಹೋಟೆಲಿನ ವೆಚ್ಚ ಬೇರೆ. ಬೇಸಗೆಯೋ ವರ್ಷಕ್ಕೆ ಒಂದೇ.

ಮೊದಲು ಪತ್ರದ ಮಾತು. ಕಾಲೇಜು ಕ್ರೀಡೆಗಳನ್ನು ಆಳುವ ಎನ್.ಸಿ.ಎ.ಎ. ಸಂಸ್ಥೆಯ ನಿಯಮದಂತೆ ಕ್ಯಾಂಪಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಸಂಖ್ಯೆ, ವಯಸ್ಸು, ತರಗತಿ ಮೊದಲಾದವುಗಳ ಮಿತಿಯನ್ನು ಹಾಕಬಹುದೇ ಹೊರತು, ಇಂಥವನೇ ಬರಲಿ ಎಂದು ಆರಿಸುವಂತಿಲ್ಲ. ಅಂದ ಮೇಲೆ "ಆಹ್ವಾನ"ವೆಂಬ ಪದಕ್ಕೆ ಬೆಲೆಯೆಷ್ಟು? ಇನ್ನೊಂದು ನಿಯಮವನ್ನೂ ನೆನಪಿಡಬೇಕು. ಮೊದಲ ಡಿವಿಜನ್ನಿನ ತರಬೇತುದಾರನು ಹುಡುಗ ಹನ್ನೊಂದನೆಯ ತರಗತಿಗೆ ಕಾಲಿಡುವ ವರ್ಷದ ಆಗಸ್ಟ್ 1ರವರೆಗೆ ಅವನಿಗೆ ಸ್ವಂತವಾಗಿ ಪತ್ರ ಬರೆಯುವಂತಿಲ್ಲ, ಫೋನು ಮಾಡುವಂತಿಲ್ಲ. ಕ್ಯಾಂಪಿನ ಪ್ರಕಟಣೆಯನ್ನು ಮಾತ್ರ ಯಾವಾಗ ಬೇಕಾದರೂ ಕಳಿಸಬಹುದು. ಆದ್ದರಿಂದ ಒಂಬತ್ತನೆಯ ತರಗತಿಯ ಹುಡುಗನಿಗೆ ಅಂಥ ಕಾಲೇಜಿನಿಂದ ಬಂದ ಓಲೆ, ಅದರಲ್ಲಿ ಅವನ ಹೆಸರು ಎಷ್ಟು ಅಂದವಾಗಿ ಅಚ್ಚಾಗಿದ್ದರೂ, ಕರಪತ್ರವೇ ಸರಿ.

ಇಷ್ಟೊಂದು ಕರಪತ್ರಗಳೇಕೆ? ಆ ಡಿವಿಜನ್ನಿನ ಬೇಸ್‌ಬಾಲ್ ತಂಡಗಳಲ್ಲಿ ಸ್ವಯಂಸೇವಕನೆಂಬ ಹೆಸರಿನ ಸಹಾಯಕನೊಬ್ಬನಿರುತ್ತಿದ್ದ. ಕಾಲೇಜು ಅವನಿಗೆ ಸಂಬಳ ಕೊಡುವಂತಿರಲಿಲ್ಲ. ಇಂಥ ಎಷ್ಟೋ ಮಂದಿಗೆ ಕ್ಯಾಂಪಿನ ಆದಾಯವೇ ಅನ್ನವಾಗಿತ್ತು. 2023ರ ಜುಲೈ 1ರಿಂದ ಆ ಕಟ್ಟು ಹೋಯಿತು. ಕ್ಯಾಂಪುಗಳು ಹೋಗಲಿಲ್ಲ.

ಹಾಗೆಂದು ಕ್ಯಾಂಪೆಲ್ಲ ಮೋಸವೆನ್ನುವುದು ಅನ್ಯಾಯವಾದೀತು. ಹುಡುಗನನ್ನು ಈಗಾಗಲೇ ಬಲ್ಲ, ಅವನ ಬಗೆಗೆ ಆಸೆಯಿರುವ ತರಬೇತುದಾರನಿಗೆ ಕ್ಯಾಂಪಿಗಿಂತ ಒಳ್ಳೆಯ ಕನ್ನಡಿಯಿಲ್ಲ. ಕೈಗೆ ಬಂದ ಚೆಂಡನ್ನು ಬಿಟ್ಟ ಮೇಲೆ ಹುಡುಗ ತಲೆ ತಗ್ಗಿಸುತ್ತಾನೋ, ಮುಂದಿನ ಚೆಂಡಿಗೆ ಅಣಿಯಾಗುತ್ತಾನೋ. ತಿದ್ದಿದರೆ ಕೇಳುತ್ತಾನೋ, ಮುಖ ಗಂಟಿಕ್ಕುತ್ತಾನೋ: ಇದೆಲ್ಲ ಎರಡು ದಿನ ಜೊತೆಗಿದ್ದರೆ ತಿಳಿಯುತ್ತದೆ. ನಾಲ್ಕು ವರ್ಷ ತನ್ನನ್ನು ಆಳಲಿರುವವನ ನಾಲಗೆ ಎಂಥದೆಂದು ಹುಡುಗನೂ ಆಗಲೇ ಅರಿಯಬಹುದು. ತಂದೆತಾಯಿಗಳು ಮರೆಯುವುದು ಈ ಎರಡನೆಯ ಪರೀಕ್ಷೆಯನ್ನೇ.

ಶೋಕೇಸಿನ ರೀತಿ ಬೇರೆ. ಪರ್ಫೆಕ್ಟ್ ಗೇಮ್, ಪ್ರೆಪ್ ಬೇಸ್‌ಬಾಲ್ ಮೊದಲಾದ ಖಾಸಗಿ ಸಂಸ್ಥೆಗಳು ಇವನ್ನು ನಡೆಸುತ್ತವೆ. ಅಲ್ಲಿ ಸ್ವಭಾವಕ್ಕಿಂತ ಅಂಕಿಗೆ ಬೆಲೆ. 60 ಗಜ ಓಡಲು ಎಷ್ಟು ಸೆಕೆಂಡು? ರೇಡಾರ್ ಗನ್ನು ಎಸೆತದ ವೇಗವನ್ನು ಎಷ್ಟೆಂದು ತೋರಿಸಿತು? ನಮ್ಮ ವಿಕೆಟ್‌ಕೀಪರನಂತೆ ಹಿಂದೆ ಕೂರುವ ಕ್ಯಾಚರನು ಚೆಂಡು ಹಿಡಿದು ಎರಡನೆಯ ಬೇಸಿಗೆ ಮುಟ್ಟಿಸಲು ತೆಗೆದುಕೊಂಡ ಕಾಲವೆಷ್ಟು? ಎರಡು ಸೆಕೆಂಡಿನ ಆಸುಪಾಸಿದ್ದರೆ ನೋಡುವವರು ಪೆನ್ಸಿಲು ಎತ್ತಿಕೊಳ್ಳುತ್ತಾರೆ. ಅಂಕಿಗೆ ಇರುವ ಶಕ್ತಿಯನ್ನು ಕಾಣಬೇಕಾದರೆ ನಮ್ಮ ದೇಶದ ರಿಂಕು ಸಿಂಗ್, ದಿನೇಶ್ ಪಟೇಲರನ್ನು ನೆನೆಯಬಹುದು. ಬೇಸ್‌ಬಾಲನ್ನೇ ಅರಿಯದಿದ್ದ, ಭರ್ಜಿ ಎಸೆಯುತ್ತಿದ್ದ ಆ ಉತ್ತರ ಪ್ರದೇಶದ ತರುಣರು ಎಸೆತದ ಸ್ಪರ್ಧೆಯೊಂದರಲ್ಲಿ ಮಿಂಚಿ, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯನ್ನು ಸೇರಿದರು. ಅದು ಕಾಲೇಜಿನ ದಾರಿಯಲ್ಲ, ನಿಜ. ಆದರೆ ಅಳತೆಯ ಮಾತು ಅದೇ.

ಅಳತೆಗೆ ಮುಲಾಜಿಲ್ಲವೆಂಬುದೇ ತೊಂದರೆ. ಮೈ ಬಲಿಯುವ ಮೊದಲೇ ಹೋದ ಹುಡುಗನ ಸೋತ ಅಂಕಿಗಳೂ ಎಲ್ಲರೂ ನೋಡುವಂತೆ ಅಚ್ಚಾಗಿ ಕೂರುತ್ತವೆ. ಅರೆಬೆಂದ ಅನ್ನವನ್ನು ಬಡಿಸುವ ಆತುರ ಯಾರಿಗೆ ಬೇಕು?

ಹಣದ ಲೆಕ್ಕವನ್ನೂ ನೋಡಿಬಿಡೋಣ. ವಿದ್ಯಾರ್ಥಿವೇತನ ಬಂದರೆ ಖರ್ಚೆಲ್ಲ ಹಿಂದಿರುಗೀತೆಂದು ಎಷ್ಟೋ ಮನೆಗಳ ಎಣಿಕೆ. ಮೊದಲ ಡಿವಿಜನ್ನಿನ ಒಂದು ಬೇಸ್‌ಬಾಲ್ ತಂಡಕ್ಕೆಲ್ಲ ಸೇರಿ ಬಹುಕಾಲ ಇದ್ದುದು 11.7 ಪೂರ್ಣ ವಿದ್ಯಾರ್ಥಿವೇತನ. ಅದನ್ನೇ ಹಂಚಿ ಕೊಡುತ್ತಿದ್ದರು. ನ್ಯಾಯಾಲಯದ ರಾಜಿಯಂತೆ 2025ರಿಂದ ಅದಕ್ಕೊಪ್ಪಿದ ಕಾಲೇಜುಗಳಲ್ಲಿ ಈ ಮಿತಿ ಹೋಗಿ, ತಂಡಕ್ಕೆ 34 ಆಟಗಾರರೆಂಬ ಮಿತಿ ಬಂತು. ಕೊಡಬಹುದೆಂದಾಯಿತೇ ಹೊರತು ಕೊಡಲೇಬೇಕೆಂದಲ್ಲ. ಮೂರನೆಯ ಡಿವಿಜನ್ನಿನಲ್ಲಿ ಆಟಕ್ಕಾಗಿ ವೇತನವೇ ಇಲ್ಲ. ಸಾಲದ್ದಕ್ಕೆ 2018ರಿಂದ ಕಾಲೇಜು ಬದಲಿಸುವ ಆಟಗಾರರ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಇಪ್ಪತ್ತೊಂದರ ಪಳಗಿದ ತರುಣ ಕೈಗೆ ಸಿಗುವಾಗ ಹದಿನೇಳರ ಹುಡುಗನಿಗೆ ಕಾಯುವ ತಾಳ್ಮೆ ಎಷ್ಟು ಮಂದಿಗಿದ್ದೀತು?

ಆದ್ದರಿಂದ ನನ್ನ ಮಾತು ಇಷ್ಟು. ಶಾಲೆಯ ತರಬೇತುದಾರರಿಂದಲೇ ಮೊದಲು ಅಳೆಯಿಸಿ, ದಾಕ್ಷಿಣ್ಯವಿಲ್ಲದ ಅಭಿಪ್ರಾಯ ಕೇಳಿರಿ. ಅಂಕಿಗಳು ಹದಕ್ಕೆ ಬಂದ ಮೇಲೆ ಮನೆಗೆ ಹತ್ತಿರದ ಒಂದು ಶೋಕೇಸ್ ಸಾಕು. ಕ್ಯಾಂಪಿನ ಪತ್ರ ಬಂದರೆ ಹುಡುಗನೇ, ತಂದೆಯಲ್ಲ, ಉತ್ತರ ಬರೆಯಲಿ. ತನ್ನ ಆಟವನ್ನು ನೀವು ನೋಡಿದ್ದೀರಾ, ನಾನು ಕಾಲೇಜು ಸೇರುವ ವರ್ಷ ನಿಮಗೆ ಕ್ಯಾಚರ್ ಬೇಕೇ ಎಂದು ಎರಡೇ ಪ್ರಶ್ನೆ. ಉತ್ತರಿಸಬಹುದಾದ ಕಾಲ ಬಂದ ಮೇಲೆ, ಅವನ ಆಟದ ಒಂದಾದರೂ ವಿವರವನ್ನು ಹೆಸರಿಸಿದ ಉತ್ತರ ಬಂದರೆ ಪ್ರಯಾಣದ ಚೀಲ ಕಟ್ಟಿರಿ. ಮತ್ತೆ ಶುಲ್ಕದ ಪುಟವೇ ಬಂದರೆ, ಆ ಶನಿವಾರ ಹುಡುಗ ತನ್ನ ಊರಿನ ಮೈದಾನದಲ್ಲೇ ಆಡಿಕೊಂಡಿರಲಿ.