ಸಂಡಿಗೆಯೂ ಹೆಜ್ಜಾರ್ಲೆಯೂ

ಟೀವಿಯಲ್ಲಿ ಆಫ್ರಿಕದ ಪ್ರಾಣಿಗಳನ್ನು ಕಂಡು "ಅಬ್ಬಾ, ಎಂಥಾ ಸೋಜಿಗ!" ಎನ್ನುವ ನಾವು ನಮ್ಮ ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಯತ್ತ ತಿರುಗಿಯೂ ನೋಡುವುದಿಲ್ಲ. ಕೊಕ್ಕಿನ ಕೆಳಗೆ ಜೋಲುವ ಚೀಲವನ್ನೇ ಬಲೆ ಮಾಡಿಕೊಂಡು, ಅನ್ನ ಬಸಿದ ಹಾಗೆ ನೀರು ಬಸಿದು, ಮೀನನ್ನಷ್ಟೇ ನುಂಗುವ ಹಕ್ಕಿ ಅದು. ಇದು ಸೋಜಿಗವಲ್ಲವೆ?

ಮೊನ್ನೆ ನಮ್ಮ ಬೀದಿಯ ಹೊಂಗೆಮರ ಕಡಿಸಬೇಕೆಂದು ಅರ್ಜಿ ಹಿಡಿದು ಬಂದರು. ಒಣಹಾಕಿದ ಸಂಡಿಗೆಯ ಮೇಲೆ ಹಕ್ಕಿಗಳು ಹಿಕ್ಕೆ ಹಾಕುತ್ತವಂತೆ! ನಾನು ಸಹಿ ಹಾಕಲಿಲ್ಲ. "ನಿಮಗೆ ಮನುಷ್ಯರಿಗಿಂತ ಕಾಗೆ ಹೆಚ್ಚಾಯಿತೇನ್ರೀ?" ಎಂದರು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಊರೊಳಗಿನ ಹುಣಸೆಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆ ಅಲ್ಲೂ ಬೀಳುತ್ತದೆ. ಅದನ್ನು ಅವರು ಗೊಬ್ಬರವೆಂದು ಹೊಲಕ್ಕೆ ಹಾಕುತ್ತಾರೆ. ಬಂದ ಹಕ್ಕಿಯನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳೆನ್ನುತ್ತಾರೆ.

ಓದಿದವರಾದ ನಾವೋ? 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲೆಂದು ಹೈದರ್ ಅಲಿ ರಸ್ತೆಯ 40 ಮರಗಳು ಉರುಳಿದ್ದು ನಮ್ಮ ಮೈಸೂರಿನಲ್ಲೇ. ಬಾಣಂತಿ ಇರುವ ಕೋಣೆಯನ್ನು ಯಾರಾದರೂ ಕೆಡವುತ್ತಾರೆಯೆ?

ಸಂಡಿಗೆಯ ಮೇಲೆ ಒಂದು ಹಳೆಯ ತೆಳು ಸೀರೆ ಹರಡಿದರೆ ಸಾಕು. ಅಂಥ ಅರ್ಜಿ ನಿಮ್ಮ ಮನೆಗೆ ಬಂದರೆ ನೀವೂ ಸಹಿ ಹಾಕಬೇಡಿ.