ತಲೆನೋವು ಅಂದರೆ ಮಲಗಿಸಬೇಡಿ

ಅಡಿಕೆ ಮರದಿಂದ ಬಿದ್ದೋ, ಗಲ್ಫಿನ ರಸ್ತೆಯಲ್ಲಿ ಅಪಘಾತವಾಗಿಯೋ ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು ಮಂಜೇಶ್ವರ, ಕಾಸರಗೋಡು ಕಡೆಯ ನಮ್ಮ ಮನೆಗಳಲ್ಲೂ ಇದ್ದಾರೆ. ನೋಡಿಕೊಳ್ಳುವವರು ಹೆಚ್ಚಾಗಿ ಉಮ್ಮ, ಇಲ್ಲವೇ ಹೆಂಡತಿ. ‘ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ’ದ ಬಗ್ಗೆ ಅವರಿಗೆ ಹೇಳಿಕೊಡದೆ ಡಿಸ್ಚಾರ್ಜ್ ಮಾಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಇದು ಮುಖ್ಯವಾಗಿ ಬೆನ್ನೆಲುಬಿನ ಟಿ6 ಮಟ್ಟದಲ್ಲಿ, ಅಂದರೆ ಎದೆಯ ನಡುಭಾಗದಲ್ಲಿ, ಅಥವಾ ಅದಕ್ಕೂ ಮೇಲೆ ಹುರಿಗೆ ಪೆಟ್ಟಾದವರಿಗೆ ಬರುತ್ತದೆ. ಟ್ಯೂಬ್ ಮಡಚಿ ಮೂತ್ರ ಕಟ್ಟಿದರೆ, ಮಲಬದ್ಧತೆಯಾದರೆ ಅವರಿಗೆ ನೋವು ತಿಳಿಯದು. ದೇಹ ಮಾತ್ರ ಸುಮ್ಮನಿರದು; ಬಿಪಿ ಸರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ, ಬೆವರುತ್ತದೆ. ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ.

ತಲೆನೋವು ಎಂದ ಕೂಡಲೇ ಮಾತ್ರೆ ಕೊಟ್ಟು ಮಲಗಿಸುವುದು ನಮ್ಮ ರೂಢಿ. ಇಲ್ಲಿ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ ಸಡಿಲಿಸಿ, ಟ್ಯೂಬ್ ಮಡಚಿದೆಯೇ, ಮೂತ್ರದ ಚೀಲ ತುಂಬಿದೆಯೇ ನೋಡಿ. ಕೂಡಲೇ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿ ಬಿಪಿ 130 ಇದ್ದರೆ ‘ನಾರ್ಮಲ್’ ಎಂದಾರು. ಇಂಥವರಲ್ಲಿ ಮೇಲಿನ ಅಂಕಿ ಹೆಚ್ಚಾಗಿ 90–110ರಲ್ಲೇ ಇರುತ್ತದೆ. ಅದಕ್ಕಿಂತ 20–40 ಏರಿದರೆ ಅದೇ ತುರ್ತು. ಹಾಗಾಗಿ ಅವರ ಎಂದಿನ ಬಿಪಿ, ಪೆಟ್ಟಾದ ಜಾಗ, ಈ ತೊಂದರೆಯ ಹೆಸರು ಬರೆದ ಚೀಟಿ ಸದಾ ಜೊತೆಗಿರಲಿ.

ಇಂಗ್ಲಿಷ್ ಕಾಗದ ಕೈಗಿತ್ತರೆ ಉಮ್ಮನಿಗೆ ಏನು ಪ್ರಯೋಜನ? ಅವರೆದುರೇ ಬ್ಯಾರಿಯಲ್ಲಿ ವಿವರಿಸಿ, ಮಾಡಿ ತೋರಿಸುವವರೆಗೆ ಡಿಸ್ಚಾರ್ಜಿಗೆ ಸಹಿ ಹಾಕಬೇಡಿ. ಕೇಳುವುದು ನಮ್ಮ ಹಕ್ಕು.